ದಾವಣಗೆರೆಯಲ್ಲಿ ಪಾದದ ಕೀಲಿಗೆ ಕೀಹೋಲ್ ಆಪರೇಷನ್: ಡಾಕ್ಟರಿಗೆ ಐದಕ್ಕೆ ಐದು, ಡಿಸ್ಚಾರ್ಜ್ ಕೌಂಟರಿಗೆ ಎರಡು

ನಾನು ಬಸ್ ಕಂಡಕ್ಟರ್. ದಾವಣಗೆರೆ–ಚಿತ್ರದುರ್ಗ ರೂಟು, ದಿನವಿಡೀ ನಿಂತೇ ಕೆಲಸ. ಬಸ್ಸಿನ ಮೆಟ್ಟಿಲು ಇಳಿಯುವಾಗ ಕಾಲು ಉಳುಕಿತು. ಎಣ್ಣೆ ತಿಕ್ಕಿದರೂ ಕಟ್ಟು ಕಟ್ಟಿಸಿದರೂ ನೋವು ಬಿಡಲಿಲ್ಲ. ಎಂಆರ್‌ಐ ಮಾಡಿಸಿದಾಗ ಕೀಲಿನೊಳಗೆ ಒಂದು ಚೂರು ಸಡಿಲವಾಗಿ ಓಡಾಡುತ್ತಿರುವುದು ಕಂಡಿತು. ಊರಿನ ಒಂದು ಖಾಸಗಿ ಆಸ್ಪತ್ರೆಯಲ್ಲಿ ಆರ್ತ್ರೋಸ್ಕೋಪಿ, ಅಂದರೆ ಸಣ್ಣ ತೂತಿನಿಂದ ಕೀಲಿನೊಳಗೆ ಕ್ಯಾಮೆರಾ ತೂರಿಸಿ ಮಾಡುವ ಆಪರೇಷನ್, ಮಾಡಿಸಿಕೊಂಡೆ.

"ಸಣ್ಣ ತೂತು, ಏನೂ ಆಗಲ್ಲ" ಅಂತ ಎಲ್ಲರೂ ಹೇಳಿದರು. ಹಾಗೆ ಹೇಳದೇ ಇದ್ದವರು ಡಾಕ್ಟರ್ ಒಬ್ಬರೇ. ನನ್ನ ಪಾದವನ್ನು ಕೆಳಕ್ಕೆ, ಒಳಕ್ಕೆ ಬಾಗಿಸಿ ಹಿಡಿದರು. ಹೊರಬದಿಯಲ್ಲಿ ಚರ್ಮದಡಿ ತೆಳ್ಳನೆಯ ದಾರದಂಥದ್ದು ಎದ್ದಿತು. ಮಾರ್ಕರಿನಿಂದ ಅದರ ಮೇಲೆ ಗೆರೆ ಎಳೆದು, "ನೋಡಿಯಮ್ಮಾ, ಇದು ನರ. ಈ ಆಪರೇಷನ್‌ನಲ್ಲಿ ಜಾಸ್ತಿ ಪೆಟ್ಟಾಗೋದು ಇದಕ್ಕೇ" ಅಂದರು. ಪಾದ ಮೇಲಕ್ಕೆತ್ತಿದರೆ ನರ ಗೆರೆಯಿಂದ ಹೊರಗಡೆಗೆ ಸರಿಯುತ್ತದೆ, ಅದಕ್ಕೇ ಬ್ಲೇಡು ಚರ್ಮಕ್ಕೆ ಮಾತ್ರ, ಒಳಗೆಲ್ಲ ಮೊಂಡು ಇಕ್ಕಳದಿಂದ ಬಿಡಿಸುತ್ತಾರಂತೆ. ಲೆಕ್ಕವನ್ನೂ ಮುಚ್ಚಿಡಲಿಲ್ಲ. ನೆದರ್‌ಲ್ಯಾಂಡ್ಸಿನ ವೈದ್ಯರು 1,305 ಆಪರೇಷನ್ ನೋಡಿ 2012ರಲ್ಲಿ ಬರೆದ ಪ್ರಕಾರ ತೊಂದರೆಯಾದದ್ದು ಶೇ. 3.5 ಜನರಿಗೆ. ಅದಕ್ಕೂ ಹಿಂದಿನ ಒಂದು ದೊಡ್ಡ ಲೆಕ್ಕದಲ್ಲಿ ಅದು ಸುಮಾರು ಶೇ. 9 ಇತ್ತು. ಕೀಲನ್ನು ಸದಾ ಎಳೆದು ಕಟ್ಟಿಡದೆ, ಪಾದ ಮೇಲಕ್ಕೆ ಬಾಗಿಸಿ ಮಾಡುವ ಪದ್ಧತಿ ಬಂದಿದ್ದರಿಂದ ಅಪಾಯ ಕಡಿಮೆಯಾಗಿದೆ ಎಂದು ಆ ನೆದರ್‌ಲ್ಯಾಂಡ್ಸ್ ವೈದ್ಯರ ಅಭಿಪ್ರಾಯ. ಇಷ್ಟು ಕೇಳಿದ ಮೇಲೆ ನನಗೆ ಧೈರ್ಯವೇ ಬಂತು.

ಬೆನ್ನಿಗೆ ಇಂಜೆಕ್ಷನ್, ಎರಡು ತೂತು, ಒಂದೊಂದು ಹೊಲಿಗೆ. ಆಪರೇಷನ್ ಬಗ್ಗೆ ದೂರೇನೂ ಇಲ್ಲ.

ಬೇಜಾರಾದದ್ದು ಉಳಿದ ವಿಷಯಕ್ಕೆ. ಒಪ್ಪಿಗೆ ಪತ್ರ ಪೂರ್ತಿ ಇಂಗ್ಲಿಷಿನಲ್ಲಿ, "ಇಲ್ಲಿ ಸೈನ್ ಮಾಡಿ" ಅಷ್ಟೇ. ಡಿಸ್ಚಾರ್ಜ್ ಚೀಟಿಯಲ್ಲಿ ಬರೀ ಮಾತ್ರೆಗಳ ಹೆಸರು. ಮನೆಗೆ ಬಂದ ಮೇಲೆ ಪಾದದ ಮೇಲ್ಭಾಗ ಜೋಮು ಹಿಡಿದಂತಾಯಿತು, ಚಪ್ಪಲಿ ಪಟ್ಟಿ ತಾಗಿದ್ದೂ ಗೊತ್ತಾಗುತ್ತಿರಲಿಲ್ಲ. ಫೋನ್ ಮಾಡಿದರೆ "ಸೋಮವಾರ ಬನ್ನಿ" ಅಂದರು. ಡಾಕ್ಟರ್ ಮುಟ್ಟಿ ನೋಡಿ, ನರ ತುಂಡಾಗಿಲ್ಲ, ಊತಕ್ಕೆ ಮಂಕಾಗಿದೆ ಅಂದ ಮೇಲೇ ಸಮಾಧಾನವಾಗಿದ್ದು. ನಿಧಾನಕ್ಕೆ ಸ್ಪರ್ಶ ವಾಪಸ್ ಬಂತು. ಈಗ ಭರಮಸಾಗರದ ತನಕ ಸೀಟು ಸಿಗದಿದ್ದರೂ ನಿಂತೇ ಹೋಗುತ್ತೇನೆ.

ಆ ಚೀಟಿಯಲ್ಲಿ ಇರಬೇಕಾಗಿದ್ದನ್ನು ನಾನೇ ಬರೆಯುತ್ತೇನೆ. ತೂತಿನಿಂದ ನೀರು ಜಿನುಗುತ್ತಲೇ ಇದ್ದರೆ, ಕೀವಾದರೆ, ಜ್ವರ ಬಂದರೆ ಕಾಯಬೇಡಿ. ಮೀನಖಂಡ ಬಿಗಿದು ಊದಿದರೆ ರಕ್ತ ಹೆಪ್ಪುಗಟ್ಟಿರಬಹುದು, ಅವತ್ತೇ ತೋರಿಸಿ. ಉಸಿರು ಕಟ್ಟಿದರೆ ಆ ಕ್ಷಣವೇ 108ಕ್ಕೆ ಫೋನ್ ಮಾಡಿ. ಗರ್ಭನಿರೋಧಕ ಮಾತ್ರೆ ತಗೊಳ್ಳುವ ಹೆಣ್ಣುಮಕ್ಕಳು, ಸಕ್ಕರೆ ಕಾಯಿಲೆ ಇರುವವರು ಸಂಕೋಚಪಡದೆ ಆಪರೇಷನ್ನಿಗೆ ಮುಂಚೆಯೇ ಹೇಳಿಬಿಡಿ. ಸೈನ್ ಹಾಕುವಾಗ ಕನ್ನಡದಲ್ಲಿ ಓದಿ ಹೇಳಿ ಅಂತ ಕೇಳಿ. ಪಕ್ಕದಲ್ಲಿ ಮನೆಯವರೊಬ್ಬರು ಕೂತು ಕೇಳಿಸಿಕೊಳ್ಳಲಿ.