ಅಡುಗೆಮನೆಯ ಜಿರಳೆಗೆ ಜೆಲ್: ಬಳಸಿ ನೋಡಿದವರ ಅಭಿಪ್ರಾಯ

ಬೆಂಗಳೂರಿನ ನಮ್ಮ ಅಪಾರ್ಟ್‌ಮೆಂಟಿನ ಅಡುಗೆಮನೆಯಲ್ಲಿ ಬೀಡುಬಿಟ್ಟಿದ್ದ ಸಣ್ಣ ಜಿರಳೆಗಳನ್ನು ಕೊನೆಗೂ ಹತೋಟಿಗೆ ತಂದದ್ದು ಶೇ. 2.15 ಇಮಿಡಾಕ್ಲೋಪ್ರಿಡ್ ಎಂಬ ಕೀಟನಾಶಕ ಇರುವ ಜೆಲ್. ಸಿರಿಂಜಿನಂಥ ಟ್ಯೂಬಿನಲ್ಲಿ ಬರುವ ಈ ಔಷಧಿ ಹಲವು ಕಂಪನಿಗಳ ಹೆಸರಿನಲ್ಲಿ ಸಿಗುತ್ತದೆ. ಶೇ. 0.05 ಫಿಪ್ರೊನಿಲ್ ಇರುವ ಜೆಲ್ ಕೂಡ ಇದೇ ಬಗೆಯದು. ಕೊಳ್ಳುವಾಗ ಡಬ್ಬಿಯ ಮೇಲಿನ ದೊಡ್ಡ ಅಕ್ಷರಗಳಿಗಿಂತ ಒಳಗಿರುವ ಔಷಧಿಯ ಹೆಸರು, ಪ್ರಮಾಣ, ನೋಂದಣಿ ಸಂಖ್ಯೆ ಮತ್ತು ವಿಷದ ತೀವ್ರತೆಯನ್ನು ತಿಳಿಸುವ ಬಣ್ಣದ ಗುರುತನ್ನು ನೋಡುವುದು ಒಳ್ಳೆಯದು.

ಜೆಲ್ ಕೊಳ್ಳುವ ಮೊದಲು ಮನೆಯಲ್ಲಿರುವುದು ಯಾವ ಜಿರಳೆ ಎಂದು ಗುರುತಿಸಿಕೊಳ್ಳಬೇಕು. ಸುಮಾರು ಒಂದೂವರೆ ಸೆಂಟಿಮೀಟರ್ ಉದ್ದವಿದ್ದು, ತಲೆಯ ಹಿಂದೆ ಎರಡು ಕಪ್ಪು ಗೆರೆಗಳಿರುವ ತಿಳಿಗಂದು ಬಣ್ಣದ ಜಿರಳೆಗೆ ಜರ್ಮನ್ ಜಿರಳೆ ಎಂದು ಹೆಸರು. ಕಪಾಟು, ಫ್ರಿಜ್, ಮಿಕ್ಸಿಗಳ ಸಂದುಗಳಲ್ಲಿ ಸಂಸಾರ ಹೂಡುವುದು ಇದೇ. ಹೆಣ್ಣು ಜಿರಳೆ ಮೂವತ್ತು ನಲವತ್ತು ಮೊಟ್ಟೆಗಳಿರುವ ಕೋಶವನ್ನು ಮರಿಗಳು ಹೊರಬರುವ ಹೊತ್ತಿನವರೆಗೂ ಮೈಗೆ ಅಂಟಿಸಿಕೊಂಡೇ ತಿರುಗುವುದರಿಂದ ಕೆಲವೇ ತಿಂಗಳಲ್ಲಿ ಇವುಗಳ ಸಂಖ್ಯೆ ಕೈಮೀರುತ್ತದೆ. ರಾತ್ರಿ ಬಚ್ಚಲಿನ ಜಾಲರಿಯಿಂದ ಮೇಲೆ ಬರುವ, ಬೆರಳುದ್ದದ ಕೆಂಗಂದು ಜಿರಳೆಯದು ಬೇರೆ ಜಾತಿ. ಅದರ ನೆಲೆ ಮೋರಿಯಲ್ಲಿರುವುದರಿಂದ ಅಡುಗೆಮನೆಯ ಕಪಾಟಿನಲ್ಲಿ ಎಷ್ಟು ಜೆಲ್ ಇಟ್ಟರೂ ಅಷ್ಟಾಗಿ ಪ್ರಯೋಜನವಿಲ್ಲ.

ಇದಕ್ಕೂ ಮೊದಲು ನಗರದ ಒಂದು ಪೆಸ್ಟ್ ಕಂಟ್ರೋಲ್ ಸಂಸ್ಥೆಗೆ ವರ್ಷದ ಗುತ್ತಿಗೆ ಕೊಟ್ಟಿದ್ದೆವು. ಅವರ ಕೆಲಸಗಾರರು ಬಂದಾಗಲೆಲ್ಲ ಪಾತ್ರೆಗಳನ್ನು ಹೊರಗಿಡಿಸಿ, ಮೂಲೆಮೂಲೆಗೂ ಔಷಧಿ ಸಿಂಪಡಿಸಿ ಹೋಗುತ್ತಿದ್ದರು. ಒಂದೆರಡು ವಾರ ಎಲ್ಲವೂ ಶಾಂತವಾಗಿದ್ದು, ಆಮೇಲೆ ಅಡುಗೆಮನೆಯಲ್ಲಿ ಮಾತ್ರ ಇದ್ದ ಜಿರಳೆ ಊಟದ ಕೋಣೆಯ ಷೋಕೇಸಿನಲ್ಲೂ ಕಾಣಿಸತೊಡಗಿತು. ಸ್ಪ್ರೇಗಳಲ್ಲಿ ಸಾಮಾನ್ಯವಾಗಿ ಬಳಸುವ ಪೈರೆಥ್ರಾಯ್ಡ್ ಗುಂಪಿನ ಔಷಧಿಗಳಿಗೆ ಜಿರಳೆಯನ್ನು ಅಟ್ಟುವ ಗುಣವೂ ಇದೆ. ಸಿಂಪಡಿಸಿದ ಜಾಗವನ್ನು ಬಿಟ್ಟು ಅವು ಬೇರೆ ಸಂದು ಹುಡುಕಿಕೊಳ್ಳುತ್ತವೆ. ಇದನ್ನು ಆ ಸಂಸ್ಥೆಯವರು ನಮಗೆ ಒಮ್ಮೆಯೂ ತಿಳಿಸಲಿಲ್ಲ ಎಂಬ ಬೇಸರ ನನಗೆ ಈಗಲೂ ಇದೆ.

ಜೆಲ್ಲಿನ ರೀತಿಯೇ ಬೇರೆ. ಅದು ವಿಷ ಬೆರೆಸಿದ ಆಹಾರ. ತಿಂದ ಜಿರಳೆ ತಕ್ಷಣ ಸಾಯದೆ ತನ್ನ ಸಂದಿಗೆ ಮರಳುತ್ತದೆ. ಅದರ ಹಿಕ್ಕೆಯನ್ನೂ ಹೆಣವನ್ನೂ ತಿನ್ನುವ ಮರಿಗಳಿಗೂ ಇತರ ಜಿರಳೆಗಳಿಗೂ ವಿಷ ದಾಟುತ್ತದೆ. ಆಹಾರ ಹುಡುಕಲು ಹೆಚ್ಚು ದೂರ ಹೋಗದ ಪುಟ್ಟ ಮರಿಗಳನ್ನು ಮುಟ್ಟಲು ಇಷ್ಟು ಸುಲಭವಾದ ದಾರಿ ಸ್ಪ್ರೇಯಲ್ಲಿಲ್ಲ.

ಫಲಿತಾಂಶವೆಲ್ಲ ಜೆಲ್ ಇಡುವ ಜಾಗವನ್ನು ಅವಲಂಬಿಸಿದೆ. ಕಪಾಟಿನ ಬಾಗಿಲು ತೆರೆದು ಟಾರ್ಚ್ ಬಿಟ್ಟು ನೋಡಿದರೆ ಕೀಲುಗಳ ಸುತ್ತ ಕಾಫಿಪುಡಿ ಉದುರಿದಂತೆ ಕಪ್ಪು ಚುಕ್ಕೆಗಳು ಕಾಣುತ್ತವೆ. ಅದು ಜಿರಳೆಯ ಹಿಕ್ಕೆ. ಅದಿದ್ದಲ್ಲಿಯೇ ಅವುಗಳ ವಾಸ. ನಾವು ಕೀಲುಗಳ ಒಳಬದಿ, ಸಿಂಕ್ ಕೆಳಗಿನ ಪೈಪು ಗೋಡೆ ಸೇರುವ ಜಾಗ, ಗ್ಯಾಸ್ ಕಟ್ಟೆಯ ಅಡಿಯ ಅಂಚು, ಫ್ರಿಜ್ಜಿನ ಹಿಂದೆ ಮೋಟಾರಿನ ಹತ್ತಿರ ಮೂರು ನಾಲ್ಕು ಮಿಲಿಮೀಟರ್ ಅಗಲದ ಚುಕ್ಕೆಗಳನ್ನು ಇಟ್ಟೆವು. ಒಂದೇ ಕಡೆ ದಪ್ಪಗೆ ಹಚ್ಚುವುದಕ್ಕಿಂತ ಹಲವು ಕಡೆ ಸ್ವಲ್ಪ ಸ್ವಲ್ಪ ಇಡುವುದು ಉತ್ತಮ. ವಾಸನೆ ಇಲ್ಲ, ಪಾತ್ರೆಗಳನ್ನೆಲ್ಲ ಹೊರಗಿಡುವ ಕಷ್ಟವಿಲ್ಲ, ಅಂದಿನ ಅಡುಗೆಯೂ ನಿಲ್ಲುವುದಿಲ್ಲ. ಮೊದಲ ವಾರದಲ್ಲಿ ಹಗಲಿನಲ್ಲೇ ತತ್ತರಿಸುತ್ತಾ ಹೊರಬರುವ ಜಿರಳೆಗಳನ್ನು ಕಂಡು ಗಾಬರಿಯಾಗಬೇಕಾಗಿಲ್ಲ. ಔಷಧಿ ನರಗಳಿಗೆ ತಟ್ಟಿದ ಲಕ್ಷಣವದು. ಕೋಶದೊಳಗಿನ ಮೊಟ್ಟೆಗಳಿಗೆ ಜೆಲ್ ತಾಗದ ಕಾರಣ ಮೂರು ನಾಲ್ಕು ವಾರಗಳ ನಂತರ ಒಣಗಿದ ಚುಕ್ಕೆಗಳನ್ನು ಕೆರೆದು ಹೊಸದಾಗಿ ಇಡಲೇಬೇಕು. ಎರಡನೆಯ ಸಲ ಇಟ್ಟ ಮೇಲೆ ರಾತ್ರಿ ದೀಪ ಹಾಕಿದಾಗ ಕಟ್ಟೆಯ ಮೇಲೆ ಜಿರಳೆ ಓಡುವುದು ನಿಂತಿತು.

ಟ್ಯೂಬಿನ ಸೂಚನೆಗಳು ತೀರ ಸಣ್ಣ ಅಕ್ಷರದಲ್ಲಿದ್ದವು, ಕನ್ನಡದಲ್ಲಂತೂ ಓದಲಾಗದಷ್ಟು ಸಣ್ಣದಾಗಿದ್ದವು. ಮಕ್ಕಳಿರುವ ಮನೆಗಳು ಕೊಳ್ಳುವ ವಸ್ತುವಿಗೆ ಇದು ದೊಡ್ಡ ಕೊರತೆ. ಜೆಲ್ಲಿನ ಹತ್ತಿರ ಸ್ಪ್ರೇ, ಜಿರಳೆ ಸೀಮೆಸುಣ್ಣ, ಫಿನಾಯಿಲ್ ಬಳಸಿದರೆ ಜಿರಳೆ ಅದನ್ನು ಮೂಸಿಯೂ ನೋಡದೆ ಹೋಗಬಹುದು ಎಂಬ ಮಾತನ್ನು ಎದ್ದು ಕಾಣುವಂತೆ ಅಚ್ಚು ಹಾಕಿಸಬೇಕಿತ್ತು. ಮಕ್ಕಳಿಗೂ ಸಾಕುಪ್ರಾಣಿಗಳಿಗೂ ಎಟುಕದ ಕಡೆ ಮಾತ್ರ ಇಡಬೇಕು, ಇಟ್ಟ ನಂತರ ಕೈ ತೊಳೆಯಬೇಕು. ವರ್ಷಾನುಗಟ್ಟಲೆ ಒಂದೇ ಜೆಲ್ಲನ್ನು ನೆಚ್ಚಿಕೊಳ್ಳುವುದೂ ಸರಿಯಲ್ಲ. ಜೆಲ್ಲಿನ ಸಿಹಿಯಲ್ಲಿರುವ ಗ್ಲೂಕೋಸನ್ನೇ ದೂರವಿಡುವ ಜರ್ಮನ್ ಜಿರಳೆಗಳ ಬಗ್ಗೆ ಅಮೆರಿಕದ ವಿಜ್ಞಾನಿಗಳು 1993ರಲ್ಲಿಯೇ ವರದಿ ಮಾಡಿದ್ದರು. ಅವುಗಳ ನಾಲಿಗೆಗೆ, ಅಂದರೆ ರುಚಿ ತಿಳಿಯುವ ನರಕೋಶಗಳಿಗೆ, ಗ್ಲೂಕೋಸ್ ಕಹಿಯಾಗಿ ತೋರುತ್ತದೆ ಎಂಬುದು 2013ರಲ್ಲಿ ತಿಳಿಯಿತು. ಆದ್ದರಿಂದ ಪರಿಣಾಮ ತಗ್ಗಿತೆನಿಸಿದರೆ ಔಷಧಿಯಷ್ಟೇ ಅಲ್ಲ, ಅದನ್ನು ಬೆರೆಸಿದ ಆಹಾರವೂ ಬೇರೆಯಾಗಿರುವ ಜೆಲ್ಲಿಗೆ ಬದಲಾಯಿಸಬೇಕು.

ರಾತ್ರಿ ಮುಸುರೆ ಪಾತ್ರೆಗಳು ಸಿಂಕಿನಲ್ಲೇ ಉಳಿದರೆ ಜಿರಳೆಗೆ ಜೆಲ್ಲಿಗಿಂತ ರುಚಿಯಾದ ಊಟ ಸಿಕ್ಕಂತಾಗುತ್ತದೆ. ಸತ್ತ ಜಿರಳೆ, ಕಳಚಿದ ಪೊರೆ, ಹಿಕ್ಕೆಗಳನ್ನು ಒದ್ದೆ ಬಟ್ಟೆಯಿಂದ ಒರೆಸಿ ತೆಗೆಯಬೇಕು, ಏಕೆಂದರೆ ದಮ್ಮಿನ ತೊಂದರೆ ಇರುವವರಿಗೆ ಅವೇ ಕಾಯಿಲೆ ಕೆರಳಿಸುತ್ತವೆ. ಅಪಾರ್ಟ್‌ಮೆಂಟಿನಲ್ಲಿ ಪಕ್ಕದ ಮನೆಯಿಂದ ಪೈಪಿನ ಸಂದಿಯಲ್ಲಿ ಹೊಸ ಜಿರಳೆಗಳು ಬರುತ್ತಲೇ ಇರುವುದರಿಂದ ನಾವು ಆ ರಂಧ್ರಗಳಿಗೆ ಬಿಳಿ ಸಿಮೆಂಟ್ ಮೆತ್ತಿಸಿದೆವು, ಎದುರು ಮನೆಯವರಿಗೂ ಒಂದು ಟ್ಯೂಬ್ ತರಿಸಿಕೊಟ್ಟೆವು.