ಶಿರಸಿಯ ಫಿಸಿಯೋಥೆರಪಿ ಕೇಂದ್ರ: ಅಪರೂಪದ ಮಂಡಿ ಕಾಯಿಲೆಗೆ ಸಿಕ್ಕ ಆರೈಕೆ

ಕೀಲಿನ ಒಳಪೊರೆ ಗಂಟುಗಂಟಾಗಿ ಬೆಳೆದು, ಒಸರಿದ ರಕ್ತದ ಕಬ್ಬಿಣಾಂಶದಿಂದ ಕಂದುಬಣ್ಣಕ್ಕೆ ತಿರುಗುವ ಪಿಗ್ಮೆಂಟೆಡ್ ವಿಲ್ಲೋನಾಡ್ಯುಲರ್ ಸೈನೋವೈಟಿಸ್ ಎಂಬ ಅಪರೂಪದ ಕಾಯಿಲೆಗಾಗಿ ತಂಗಿಯ ಮಂಡಿಗೆ ಹುಬ್ಬಳ್ಳಿಯಲ್ಲಿ ಶಸ್ತ್ರಚಿಕಿತ್ಸೆಯಾದ ಬಳಿಕ, ವ್ಯಾಯಾಮಕ್ಕೆಂದು ದೇವಿಕೆರೆ ಸಮೀಪದ ಈ ಕೇಂದ್ರಕ್ಕೆ ಹೋಗುತ್ತಿದ್ದೇವೆ. ಇಲ್ಲಿಯ ಚಿಕಿತ್ಸಕಿ ಮೊದಲ ದಿನವೇ ಎಂಆರ್‌ಐ ವರದಿಯನ್ನು ಪೂರ್ತಿ ಓದಿದರು. ಮಂಡಿಚಿಪ್ಪಿನ ಮೇಲ್ಭಾಗದ ಸುತ್ತಳತೆಯನ್ನು ಪ್ರತಿ ಸಲವೂ ಟೇಪು ಹಿಡಿದು ಅಳೆದು ಬರೆದಿಡುತ್ತಾರೆ. ಕೀಲಿನ ತುಂಬ ಹಬ್ಬಿದ ಬಗೆಯಲ್ಲಿ ಕಾಯಿಲೆ ಮರುಕಳಿಸುವ ಸಂಭವ ಹೆಚ್ಚಿರುವುದರಿಂದ, ಊತ ಕಂಡರೆ ವ್ಯಾಯಾಮ ನಿಲ್ಲಿಸಿ ಶಸ್ತ್ರವೈದ್ಯರನ್ನು ಕಾಣಬೇಕೆಂದು ಅವರು ಸ್ಪಷ್ಟವಾಗಿ ತಿಳಿಸಿದ್ದು ನನಗೆ ಬಹಳ ಮೆಚ್ಚುಗೆಯಾಯಿತು. ಮಂಡಿ ಮಡಚಿಸಲು ಅವಸರ ಮಾಡುವುದಿಲ್ಲ. ಆದರೆ ಮೆಟ್ಟಿಲು ಕಡಿದಾಗಿದ್ದು, ಹಿಡಿಕೆ ಒಂದೇ ಬದಿಗಿದೆ. ಊರುಗೋಲಿನವರಿಗೆ ಇದು ನಿಜಕ್ಕೂ ಕಷ್ಟ, ಬೇಗನೆ ಸರಿಪಡಿಸಬೇಕು.