ನಿರ್ವಹಣಾ ಒಪ್ಪಂದದ ಆರು ವರ್ಷ: ಎರಡು ಮೀಟರು, ಒಂದು ಚೀಟಿ

ನಾಲ್ಕು ಆಸನಗಳ ಪಿಸ್ಟನ್ ಎಂಜಿನ್ ಹೆಲಿಕಾಪ್ಟರನ್ನು ಕೊಂಡ ದಿನವೇ ನಿರ್ವಹಣಾ ಸಂಸ್ಥೆಯೊಂದರ ಪೂರ್ಣ ಒಪ್ಪಂದಕ್ಕೂ ಸಹಿ ಹಾಕಿದ್ದೆ. 50 ಗಂಟೆಗೊಮ್ಮೆ ಆಯಿಲ್ ಬದಲಾವಣೆ, 100 ಗಂಟೆ ಅಥವಾ 12 ತಿಂಗಳು ಇವುಗಳಲ್ಲಿ ಯಾವುದು ಮೊದಲು ಬರುತ್ತದೋ ಆಗ ಸಮಗ್ರ ತಪಾಸಣೆ, ಜೊತೆಗೆ ದಾಖಲೆಗಳ ಪಾಲನೆ, ಎಲ್ಲವೂ ಅವರದೇ. ನಾನು ಹಾರಿಸಿದರೆ ಸಾಕು ಎಂದುಕೊಂಡಿದ್ದೆ.

ಕೈಕೆಲಸದ ಮಟ್ಟಿಗೆ ದೂರುವಂಥದ್ದೇನೂ ಇಲ್ಲ. ಆಯಿಲ್ ಬದಲಿಸುವಾಗ ಅಲ್ಲಿನ ಹಿರಿಯ ತಂತ್ರಜ್ಞರು ಹಳೆಯ ಫಿಲ್ಟರನ್ನು ಎಸೆಯುವ ಮೊದಲು ಕತ್ತರಿಸಿ, ಮಡಿಕೆಗಳನ್ನು ಬಿಡಿಸಿ ಬೆಳಕಿಗೆ ಹಿಡಿದು ಲೋಹದ ಚೂರುಗಳಿಗಾಗಿ ನೋಡುತ್ತಾರೆ. ಗೇರ್‌ಬಾಕ್ಸಿನಲ್ಲಿ ಲೋಹದ ಚೂರು ಹಿಡಿಯುವ ಚಿಪ್ ಡಿಟೆಕ್ಟರಿನ ಆಯಸ್ಕಾಂತಕ್ಕೆ ಅಂಟಿದ ಬೂದುಬಣ್ಣದ ನುಣುಪು ಕೆಸರು ಸಹಜ ಸವೆತದ್ದು, ಉಗುರಿಗೆ ಸಿಗುವ ಚಕ್ಕೆ ಬಂದರೆ ಮಾತ್ರ ಯಂತ್ರ ನೆಲ ಬಿಡಬಾರದು ಎಂಬುದನ್ನು ನನಗೆ ಕಲಿಸಿದವರೂ ಅವರೇ.

ಅವರಿಂದ ಕಲಿತದ್ದು ನನ್ನ ಬೆಳಗಿನ ನಿತ್ಯಕರ್ಮವೂ ಆಗಿದೆ. ಟ್ಯಾಂಕಿನ ತಳದಿಂದ ಪಾರದರ್ಶಕ ಕೊಳವೆಗೆ ಸ್ವಲ್ಪ ಇಂಧನ ಬಸಿದು, ತಿಳಿನೀಲಿಯ ಅಡಿಯಲ್ಲಿ ನೀರಿನ ಮಣಿ ಕೂತಿದೆಯೇ ಎಂದು ನೋಡುತ್ತೇನೆ. ಬೋಲ್ಟುಗಳ ಮೇಲೆ ಎಳೆದ ಬಣ್ಣದ ಗೆರೆ ಮುರಿದಿದ್ದರೆ ನಟ್ ಅಲುಗಿದೆ ಎಂದರ್ಥ. ಬಾಲದ ಗೇರ್‌ಬಾಕ್ಸಿನ ಮೇಲಿನ ತಾಪಪಟ್ಟಿಯಲ್ಲಿ ಹೊಸದೊಂದು ಚೌಕ ಕಪ್ಪಾಗಿಲ್ಲವಷ್ಟೇ ಎಂದು ನೋಡಿ, ಕೊನೆಗೆ ರೋಟರ್ ಅಲಗಿನ ಮುಂಚೂಣಿ ಅಂಚಿನ ಮೇಲೆ ಬೆರಳಾಡಿಸುತ್ತೇನೆ. ಬಣ್ಣ ಸವೆದು ಲೋಹದ ಹೊದಿಕೆಯ ಅಂಟುಸಾಲು ಬಯಲಾದರೆ ಅಲ್ಲಿಂದಲೇ ಪದರ ಏಳಲು ಶುರುವಾಗುತ್ತದೆ. ಈ ಇಪ್ಪತ್ತು ನಿಮಿಷ ನನಗೆ ಹಾರಾಟದಷ್ಟೇ ಪ್ರಿಯ.

ಮನಸ್ಸು ಕೆಟ್ಟಿದ್ದು ಆರನೆಯ ವರ್ಷದಲ್ಲಿ, ಒಂದು ಚೀಟಿಯಿಂದ. ನನ್ನ ಯಂತ್ರದಲ್ಲಿ ಗಂಟೆ ಎಣಿಸುವ ಮೀಟರುಗಳು ಎರಡಿವೆ. ಒಂದು ಎಂಜಿನ್ ಆಯಿಲಿನ ಒತ್ತಡಕ್ಕೆ ಓಡುತ್ತದೆ, ಇನ್ನೊಂದು ಕಲೆಕ್ಟಿವ್ (ಯಂತ್ರವನ್ನು ಮೇಲೇರಿಸುವ ಸನ್ನೆ) ಎತ್ತಿದಾಗ ಮಾತ್ರ. ನಮ್ಮ ನಿರ್ವಹಣಾ ದಾಖಲೆಗೆ ಎರಡನೆಯದೇ ಆಧಾರ. ಆ ತಪಾಸಣೆಯ ದಿನ ಅದು 812.4 ತೋರಿಸುತ್ತಿತ್ತು, ಆಯಿಲ್ ಮೀಟರು 941.6. ಮುಂದಿನ ತಪಾಸಣೆಯ ಚೀಟಿಯಲ್ಲಿ 912.4 ಎಂದಿರಬೇಕಾದ ಕಡೆ 1041.6 ಎಂದು ಬರೆದು ಫಲಕಕ್ಕೆ ಅಂಟಿಸಿದ್ದರು. ಲಾಗ್‌ಬುಕ್ಕಿನಲ್ಲೂ ಅದೇ ಅಂಕಿ. ಚೀಟಿ ನಂಬಿ ಕಲೆಕ್ಟಿವ್ ಮೀಟರನ್ನೇ ನೋಡುತ್ತ ಹೋಗಿದ್ದರೆ 129.2 ಗಂಟೆ ಹೆಚ್ಚು ಬಾಕಿಯಿರುವಂತೆ ಕಾಣುತ್ತಿತ್ತು. ಹದಿನಾಲ್ಕು ಗಂಟೆ ಹಾರಿದ ಮೇಲೆ ನನ್ನ ಸ್ವಂತ ಟಿಪ್ಪಣಿ ಪುಸ್ತಕಕ್ಕೆ ಅಂಕಿ ಇಳಿಸುವಾಗ ಇದು ಕಣ್ಣಿಗೆ ಬಿತ್ತು. ಯಂತ್ರವನ್ನು ಮರಳಿ ಪಡೆದ ದಿನ ಅದೇ ಪುಟಕ್ಕೆ ಓದದೆ ಸಹಿ ಹಾಕಿದವನೂ ನಾನೇ.

ಫೋನು ಮಾಡಿದರೆ ಕಚೇರಿಯವರು, “ಹನ್ನೆರಡು ತಿಂಗಳ ತಪಾಸಣೆ ಹೇಗೂ ಬರುತ್ತಿತ್ತಲ್ಲ ಸರ್” ಎಂದರು. ವರ್ಷಕ್ಕೆ ಸುಮಾರು 135 ಗಂಟೆ ಹಾರುವ ನನಗೆ ಆ ಹೊತ್ತಿಗೆ 35 ಗಂಟೆ ಮೀರಿರುತ್ತಿತ್ತು. ಗಂಟೆಗಳ ಲೆಕ್ಕದಲ್ಲಿ ಮರುಕಳಿಸುವ ಏರ್‌ವರ್ದಿನೆಸ್ ಡೈರೆಕ್ಟಿವ್‌ಗಳೂ (ವಿಮಾನಯಾನ ಪ್ರಾಧಿಕಾರದ ಕಡ್ಡಾಯ ಸುರಕ್ಷತಾ ಆದೇಶಗಳು) ಅದೇ ಅಂಕಿಯ ಮೇಲೆ ನಿಂತಿರುತ್ತವೆ. ಯಂತ್ರವನ್ನು ಹಾರಾಟಯೋಗ್ಯ ಸ್ಥಿತಿಯಲ್ಲಿಡುವ ಹೊಣೆ ಮಾಲೀಕನ ಅಥವಾ ನಿರ್ವಾಹಕನ ಮೇಲೇ ಉಳಿಯುತ್ತದೆ. ಕೆಲಸವನ್ನು ಇನ್ನೊಬ್ಬರಿಗೆ ವಹಿಸಬಹುದು, ಹೊಣೆಯನ್ನಲ್ಲ. ಒಪ್ಪಂದದ ಹನ್ನೊಂದನೆಯ ಪುಟದಲ್ಲಿ ಇದು ಸಣ್ಣಕ್ಷರದಲ್ಲಿ ಇತ್ತು.

ಅಂದಿನಿಂದ ಲೆಕ್ಕವನ್ನೆಲ್ಲ ನಾನೇ ಮತ್ತೆ ಹಾಕಿ ನೋಡಿದೆ. ಆಗ ಹೊರಬಿದ್ದದ್ದು ಇನ್ನೊಂದು ಎಡವಟ್ಟು. ಓವರ್‌ಹಾಲಿಗೆ, ಅಂದರೆ ಯಂತ್ರವನ್ನು ಬಿಚ್ಚಿ ಪೂರ್ತಿಯಾಗಿ ನವೀಕರಿಸುವುದಕ್ಕೆ, ಕೈಪಿಡಿ ಹೇಳುವ ಮಿತಿ 2200 ಗಂಟೆ ಅಥವಾ 12 ವರ್ಷ, ಯಾವುದು ಮೊದಲೋ ಅದು. ಅದಕ್ಕಾಗಿ ಹಾರಾಟದ ಪ್ರತಿ ಗಂಟೆಗೂ ಎತ್ತಿಡಬೇಕಾದ ಹಣವನ್ನು ಅವರ ಸಲಹೆಯಂತೆ ಒಟ್ಟು ವೆಚ್ಚವನ್ನು 2200ರಿಂದ ಭಾಗಿಸಿ ಗೊತ್ತುಮಾಡಿಕೊಂಡಿದ್ದೆ. ನನ್ನ ವೇಗದಲ್ಲಿ 12 ವರ್ಷಕ್ಕೆ ಆಗುವುದು ಸುಮಾರು 1620 ಗಂಟೆ ಮಾತ್ರ. ಗಂಟೆ ಮುಗಿಯುವ ಮೊದಲೇ ಕ್ಯಾಲೆಂಡರ್ ಮುಗಿಯುತ್ತದೆ, ಹಣವೂ ಕಾಲುಭಾಗಕ್ಕಿಂತ ಹೆಚ್ಚು ಕೊರೆ ಬೀಳುತ್ತದೆ. ವಾರಾಂತ್ಯಕ್ಕಷ್ಟೇ ಹಾರುವವರು ಭಾಜಕವನ್ನು ಇನ್ನೂ ಕೆಳಗಿಳಿಸಿಕೊಳ್ಳಬೇಕಾದೀತು.

ಸಂಸ್ಥೆಯನ್ನು ಬಿಡಬೇಕೆಂದೇ ಹೊರಟಿದ್ದೆ. ಹಿರಿಯ ತಂತ್ರಜ್ಞರು ತಾವೇ ಬಂದು, ತಿದ್ದಿದ ನಮೂದಿನ ಪಕ್ಕ ಹಳೆಯ ಅಂಕಿ ಓದಲು ಸಿಗುವಂತೆ ಒಂದೇ ಗೆರೆ ಎಳೆದು, ದಿನಾಂಕ ಹಾಕಿ ಸಹಿ ಮಾಡಿದರು. ಅಂಥ ಕೈಯನ್ನು ಕಳೆದುಕೊಳ್ಳಲು ಮನಸ್ಸಾಗಲಿಲ್ಲ. ಒಪ್ಪಂದವನ್ನು ನವೀಕರಿಸಿದ್ದೇನೆ, ದಾಖಲೆ ಪಾಲನೆಯ ಕಲಮನ್ನು ಮಾತ್ರ ತೆಗೆಸಿ, ಅದರ ಶುಲ್ಕವನ್ನೂ ಕಳೆಸಿದ್ದೇನೆ. ಈಗ ಫಲಕದ ಚೀಟಿಯನ್ನು ಬರೆಯುವವನು ನಾನು. ಅಂಕಿಯ ಕೆಳಗೆ ಅದು ಯಾವ ಮೀಟರಿನದು ಎಂಬುದನ್ನೂ ಬರೆಯುತ್ತೇನೆ.